ಮುಚ್ಚದ ತೂಬು

ಹುಟ್ಟಿದ ಕೂಸಿನ ಬೆರಳುಗಳ ನಡುವೆ ಚರ್ಮ ಕೂಡಿಕೊಂಡಿದ್ದರೆ ಮನೆಯವರು ಮೊದಲು ಗಾಬರಿಯಾಗುತ್ತಾರೆ, ಆಮೇಲೆ ಸಮಾಧಾನ ಮಾಡಿಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆಯಿಂದ ಬಿಡಿಸಬಹುದಾದ ದೋಷವದು. ಬಹುಪಾಲು ಮಕ್ಕಳಲ್ಲಿ ಅದರ ಹಿಂದೆ ಪ್ರಾಣಕ್ಕೆ ಸಂಚಕಾರ ತರುವಂಥದ್ದೇನೂ ಇರುವುದಿಲ್ಲ. ಆದರೆ ತೀರಾ ವಿರಳವಾಗಿ, ಇಂಥ ಮಗುವನ್ನು ಆಪರೇಷನ್ ಟೇಬಲ್ ಮೇಲೆ ಮಲಗಿಸಿ ಅರಿವಳಿಕೆ ಕೊಟ್ಟಾಗ ಹೃದಯದ ಬಡಿತ ಏಕಾಏಕಿ ಲಯ ತಪ್ಪಿದ್ದುಂಟು. ಬೆರಳು ಬಿಡಿಸಲು ಬಂದ ವೈದ್ಯರು ಎದೆ ಒತ್ತುತ್ತ ನಿಲ್ಲಬೇಕಾಗಿ ಬಂದದ್ದುಂಟು. ಬದುಕಿ ಉಳಿದ ಮಕ್ಕಳಲ್ಲಿ ಹಲವರಿಗೆ ಮಾತು ತಡವಾಯಿತು. ಕೆಲವರಿಗೆ ಆಟಿಸಂ ಇದೆಯೆಂದು ಮುಂದೆ ಗೊತ್ತಾಯಿತು. ಕೆಲವರ ರಕ್ತದಲ್ಲಿ ಸಕ್ಕರೆ ಇದ್ದಕ್ಕಿದ್ದಂತೆ ಕುಸಿಯುತ್ತಿತ್ತು, ಕೆಲವರಿಗೆ ಮೇಲಿಂದ ಮೇಲೆ ಸೋಂಕು.

ಬೆರಳಿಗೊಬ್ಬ ತಜ್ಞ, ಎದೆಗೊಬ್ಬ, ವರ್ತನೆಗೆ ಮತ್ತೊಬ್ಬ ಇರುವ ಕಾಲದಲ್ಲಿ ಇವೆಲ್ಲ ಒಂದೇ ಕಾಯಿಲೆಯ ತುಣುಕುಗಳು ಎಂದು ಕಾಣಬೇಕಾದರೆ ಇಡೀ ಮಗುವನ್ನು ನೋಡುವ ಕಣ್ಣು ಬೇಕು. ಕೂಡಿದ ಬೆರಳು ಮತ್ತು ಹೃದಯದ ತೊಂದರೆ ಜೊತೆಜೊತೆಯಾಗಿ ಕಂಡ ಮಕ್ಕಳ ಬಗ್ಗೆ 1990ರ ದಶಕದಲ್ಲಿ ಒಂದೆರಡು ವರದಿಗಳು ಬಂದಿದ್ದವು. ಅಮೆರಿಕದ ಯೂಟಾದಲ್ಲಿ, ಹೃದಯದ ಲಯ ತಪ್ಪುವ ಕುಟುಂಬಗಳ ಅಧ್ಯಯನದಲ್ಲಿ ತೊಡಗಿದ್ದ ಕ್ಯಾಥರೀನ್ ಟಿಮೊಥಿ ಇಂಥ ಮಕ್ಕಳನ್ನು ಮೊದಮೊದಲು ಗುರುತಿಸಿದವರಲ್ಲಿ ಒಬ್ಬರು. ಯಾವ ಮಗುವಿಗೆ ಏನೇನಿದೆ ಎಂಬ ವಿವರಗಳನ್ನು ಕಲೆಹಾಕಿ ಕೂಡಿಸಿದ ಕೆಲಸದ ದೊಡ್ಡ ಪಾಲು ಅವರದು. 2004ರಲ್ಲಿ ಇಗೋರ್ ಸ್ಪ್ಲಾವ್‌ಸ್ಕಿ, ಮಾರ್ಕ್ ಕೀಟಿಂಗ್ ಮತ್ತು ಸಂಗಡಿಗರು ‘ಸೆಲ್’ ಪತ್ರಿಕೆಯಲ್ಲಿ ಈ ಕಾಯಿಲೆಯ ಕಾರಣವನ್ನು ಪ್ರಕಟಿಸಿದಾಗ ಅದಕ್ಕೆ ಟಿಮೊಥಿ ಸಿಂಡ್ರೋಮ್ ಎಂದು ಅವರ ಹೆಸರನ್ನೇ ಇಟ್ಟರು. ವಿಜ್ಞಾನದಲ್ಲಿ ಇಂಥ ಗೌರವ ಸಾಮಾನ್ಯವಾಗಿ ಪ್ರಯೋಗಾಲಯದ ಮುಖ್ಯಸ್ಥರ ಪಾಲಾಗುತ್ತದೆ. ರೋಗಿಗಳ ಮನೆಯವರ ಮಾತು ಕೇಳಿ ಬರೆದುಕೊಂಡವರಿಗೆ ಅದು ಸಂದದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಆ ಕಾರಣ ಇದ್ದದ್ದು 12ನೇ ಕ್ರೋಮೋಸೋಮಿನ ಗಿಡ್ಡ ತೋಳಿನ ತುದಿಯ ಹತ್ತಿರ, ಸಿಎಸಿಎನ್‌ಎ1ಸಿ ಎಂಬ ಜೀನಿನಲ್ಲಿ. ಜೀನಿನ ಒಂದೇ ಒಂದು ಅಕ್ಷರ ಬದಲಾಗಿತ್ತು. ಅದರಿಂದ ತಯಾರಾಗುವ ಪ್ರೋಟೀನಿನಲ್ಲಿ 406ನೇ ಸ್ಥಾನದಲ್ಲಿರಬೇಕಾದ ಗ್ಲೈಸಿನ್ ಹೋಗಿ ಆರ್ಜಿನಿನ್ ಕೂತಿತ್ತು. ಎರಡು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರಪಳಿಯಲ್ಲಿ ಒಂದು ಕೊಂಡಿ. ಪರೀಕ್ಷಿಸಿದ ಮಕ್ಕಳೆಲ್ಲರಲ್ಲೂ ಅದೇ ಕೊಂಡಿ, ಅದೇ ಬದಲಾವಣೆ. ತಂದೆತಾಯಿಯರಲ್ಲಿ ಅದು ಇರಲಿಲ್ಲ. ಅಂದರೆ ತಲೆಮಾರುಗಳಿಂದ ಇಳಿದು ಬಂದದ್ದಲ್ಲ, ಆ ಮಗುವಿನಲ್ಲೇ ಹೊಸದಾಗಿ ಆದದ್ದು. ಒಂದು ಮನೆಯಲ್ಲಿ ಮಾತ್ರ ಇಬ್ಬರು ಒಡಹುಟ್ಟಿದವರಿಗೆ ಕಾಯಿಲೆಯಿತ್ತು. ಅಲ್ಲಿ ತಾಯಿಯ ದೇಹದ ಕೆಲವು ಜೀವಕೋಶಗಳಲ್ಲಷ್ಟೇ ಆ ಬದಲಾವಣೆ ಅಡಗಿಕೊಂಡಿತ್ತು.

ಈ ಜೀನು ಮಾಡುವ ಕೆಲಸವೇನು? ಜೀವಕೋಶದ ಪೊರೆಯಲ್ಲಿ ಕೂತು ಕ್ಯಾಲ್ಸಿಯಂ ಅನ್ನು ಒಳಗೆ ಬಿಡುವ ಒಂದು ನಾಳದ ಮುಖ್ಯ ಭಾಗವನ್ನು ಕಟ್ಟುವುದು. ಕ್ಯಾಲ್ಸಿಯಂ ಎಂದರೆ ನಮಗೆ ನೆನಪಾಗುವುದು ಮೂಳೆ, ಹಲ್ಲು, ರಾಗಿ, ಹಾಲು. ಆದರೆ ಮೂಳೆಯ ಹೊರಗೆ, ರಕ್ತದಲ್ಲೂ ಕೋಶಗಳ ಸುತ್ತಲಿನ ದ್ರವದಲ್ಲೂ ಇರುವ ಚೂರೇಚೂರು ಕ್ಯಾಲ್ಸಿಯಂ ಮಾಡುವ ಕೆಲಸ ಬೇರೆಯದೇ. ಕೋಶದ ಒಳಗಿಗಿಂತ ಹೊರಗೆ ಅದರ ಸಾಂದ್ರತೆ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಕೋಶಗಳು ಶಕ್ತಿ ವೆಚ್ಚ ಮಾಡಿ, ಪಂಪುಗಳನ್ನಿಟ್ಟುಕೊಂಡು, ಇದನ್ನು ಸದಾ ಹೊರಗೆ ತಳ್ಳುತ್ತಲೇ ಇರುತ್ತವೆ. ತುಂಬಿದ ಕೆರೆ ಏರಿಯಾಚೆ ನಿಂತಿದೆ, ಈಚೆ ಒಣಗಿದ ಗದ್ದೆ. ನಡುವೆ ಇರುವುದು ತೂಬು. ತೂಬು ಒಂದು ಕ್ಷಣ ತೆರೆದರೂ ಸಾಕು, ನೀರು ನುಗ್ಗುತ್ತದೆ. ಎಷ್ಟು ಹೊತ್ತು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದರಲ್ಲೇ ಬೆಳೆಯ ಉಳಿವು ಅಳಿವು ಇರುವಂತೆ, ಈ ನಾಳ ತೆರೆದು ಮುಚ್ಚುವ ಹೊತ್ತಿನಲ್ಲಿ ಜೀವಕೋಶದ ಬದುಕಿದೆ.

ಕೋಶದ ಪೊರೆಯ ವಿದ್ಯುತ್ ಒತ್ತಡ ಬದಲಾದಾಗ ನಾಳ ತೆರೆಯುತ್ತದೆ. ಸೆಕೆಂಡಿಗೆ ಹತ್ತು ಲಕ್ಷದಷ್ಟು ಕ್ಯಾಲ್ಸಿಯಂ ಅಯಾನುಗಳು ಅದರ ಮೂಲಕ ದಾಟಬಲ್ಲವು. ಹೊರಗಿನ ದ್ರವದಲ್ಲಿ ಸೋಡಿಯಂ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ. ಗಾತ್ರದಲ್ಲೂ ಎರಡೂ ಹೆಚ್ಚುಕಡಿಮೆ ಒಂದೇ. ಆದರೂ ನಾಳ ಕ್ಯಾಲ್ಸಿಯಂ ಅನ್ನೇ ಆರಿಸಿ ಬಿಡುತ್ತದೆ. ನಾಳದ ಕತ್ತಿನಲ್ಲಿ ಗ್ಲುಟಮೇಟ್ ಎಂಬ ನಾಲ್ಕು ಅಮೈನೋ ಆಮ್ಲಗಳು ಎದುರುಬದುರಾಗಿ ನಿಂತಿವೆ. ಅವುಗಳ ಋಣ ವಿದ್ಯುತ್ತು ಎರಡು ಧನ ವಿದ್ಯುತ್ತಿನ ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿದು, ಹಿಂದಿನಿಂದ ಇನ್ನೊಂದು ಬಂದಾಗ ಮುಂದಕ್ಕೆ ಬಿಟ್ಟುಕೊಡುತ್ತದೆ. ನಾಳ ತೆರೆದ ಕೆಲವೇ ಮಿಲಿಸೆಕೆಂಡುಗಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳಲು ತೊಡಗುತ್ತದೆ. ಒಳಗೆ ಬಂದ ಕ್ಯಾಲ್ಸಿಯಂ ಕೂಡ ಇನ್ನು ಸಾಕು ಎಂದು ಅದನ್ನು ಮುಚ್ಚಿಸುತ್ತದೆ. ಟಿಮೊಥಿ ಮಕ್ಕಳಲ್ಲಿ ಕೆಟ್ಟದ್ದು ಈ ಮುಚ್ಚುವ ಗುಣ. ನಾಳ ತೆರೆಯುತ್ತದೆ, ಆದರೆ ಮುಚ್ಚಬೇಕಾದ ಹೊತ್ತಿಗೆ ಮುಚ್ಚುವುದಿಲ್ಲ.

ಕ್ಯಾಲ್ಸಿಯಮ್ಮಿಗೂ ಹೃದಯಕ್ಕೂ ಇರುವ ನಂಟು ಮೊದಲು ಗೊತ್ತಾದದ್ದು ಲಂಡನ್ನಿನ ನಲ್ಲಿ ನೀರಿನಿಂದ. ಸಿಡ್ನಿ ರಿಂಗರ್ ಎಂಬ ವೈದ್ಯ 1880ರ ದಶಕದ ಆರಂಭದಲ್ಲಿ ಕಪ್ಪೆಯ ಹೃದಯವನ್ನು ಉಪ್ಪು ದ್ರಾವಣದಲ್ಲಿಟ್ಟು ಬಡಿಯಿಸುತ್ತಿದ್ದ. ಬಟ್ಟಿ ಇಳಿಸಿದ ನೀರಿನಲ್ಲಿ ದ್ರಾವಣ ಮಾಡಿದೆ ಎಂದುಕೊಂಡಿದ್ದ. ನಿಜವಾಗಿ ಬಳಕೆಯಾಗಿದ್ದದ್ದು ನ್ಯೂ ರಿವರ್ ವಾಟರ್ ಕಂಪನಿ ಕೊಳವೆಯಲ್ಲಿ ಕಳಿಸುತ್ತಿದ್ದ ನೀರು. ಶುದ್ಧ ನೀರಿನಲ್ಲಿ ಮತ್ತೆ ಮಾಡಿ ನೋಡಿದಾಗ ಕಪ್ಪೆಯ ಹೃದಯ ಬಡಿತ ನಿಲ್ಲಿಸಿತು. ನಲ್ಲಿ ನೀರಿನಲ್ಲಿದ್ದು ಶುದ್ಧ ನೀರಿನಲ್ಲಿಲ್ಲದ್ದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. 1883ರಲ್ಲಿ ರಿಂಗರ್ ಇದನ್ನು ಯಾವ ಮುಚ್ಚುಮರೆಯೂ ಇಲ್ಲದೆ ಬರೆದು ಪ್ರಕಟಿಸಿದ. ನಮ್ಮ ಊರುಗಳ ಆಸ್ಪತ್ರೆಗಳಲ್ಲಿ ಡ್ರಿಪ್ ಹಾಕುವಾಗ ನರ್ಸಮ್ಮ ಕೇಳುವ ‘ಆರ್‌ಎಲ್’ ಬಾಟಲಿ ಆ ದ್ರಾವಣದ ಮುಂದಿನ ರೂಪ.

ಆ ಕ್ಯಾಲ್ಸಿಯಂ ಒಳಗೆ ಬರುವ ದಾರಿ ಯಾವುದೆಂದು ತಿಳಿಯಲು ಇನ್ನೂ ನೂರು ವರ್ಷ ಹಿಡಿಯಿತು. 1960ರ ದಶಕದಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ ಎರಡು ಹೃದ್ರೋಗದ ಔಷಧಿಗಳನ್ನು ಪರೀಕ್ಷಿಸುತ್ತಿದ್ದರು. ಅವುಗಳಲ್ಲೊಂದು ವೆರಾಪಮಿಲ್. ಔಷಧಿ ಕೊಟ್ಟಾಗ ಹೃದಯದ ಸ್ನಾಯು ಕ್ಯಾಲ್ಸಿಯಂ ಇಲ್ಲದಾಗ ಹೇಗೋ ಹಾಗೇ ಸೋಲುತ್ತಿತ್ತು. ಕ್ಯಾಲ್ಸಿಯಂ ಸೇರಿಸಿದರೆ ಚೇತರಿಸಿಕೊಳ್ಳುತ್ತಿತ್ತು. ಔಷಧಿ ಕ್ಯಾಲ್ಸಿಯಂನ ದಾರಿಗೆ ಅಡ್ಡ ನಿಂತಿದೆ ಎಂದು ಅವರು ಸರಿಯಾಗಿ ಊಹಿಸಿದರು. ಮುಂದೆ ನಿಫೆಡಿಪಿನ್ ಬಂತು, ಆಮೇಲೆ ಅದೇ ಕುಲದ ಆಮ್ಲೊಡಿಪಿನ್. ಈ ಔಷಧಿಗಳು ನಾಳಕ್ಕೆ ಬಿಗಿಯಾಗಿ ಅಂಟುತ್ತವೆ. ಆ ಗುಣವನ್ನೇ ಬಳಸಿಕೊಂಡು, ವಿಲಿಯಂ ಕ್ಯಾಟರಾಲ್ ಮತ್ತು ಬೆನ್ಸನ್ ಕರ್ಟಿಸ್ 1984ರಲ್ಲಿ ಸ್ನಾಯುವಿನಿಂದ ನಾಳದ ಪ್ರೋಟೀನನ್ನು ಬೇರ್ಪಡಿಸಿದರು. 1987ರಲ್ಲಿ ಜಪಾನಿನ ಕ್ಯೋಟೊದಲ್ಲಿ ಶೋಸಾಕು ನುಮಾ ಅವರ ತಂಡ ಮೊಲದ ಮೈ ಸ್ನಾಯುವಿನ ನಾಳದ ಜೀನನ್ನು ಓದಿತು, 1989ರಲ್ಲಿ ಹೃದಯದ ನಾಳದ್ದನ್ನು. ಹೃದಯದ ಈ ಜೀನಿನ ಮಾನವ ರೂಪವೇ ಸಿಎಸಿಎನ್‌ಎ1ಸಿ.

ನಾಳ ಒಂಟಿ ಪ್ರೋಟೀನಲ್ಲ. ಈ ಜೀನು ಕಟ್ಟುವುದು ಆಲ್ಫಾ-1ಸಿ ಎಂಬ ಉಪಘಟಕವನ್ನು. ಅಯಾನು ಹರಿಯುವ ರಂಧ್ರ ಇರುವುದು ಅದರಲ್ಲೇ. ಒಳಗಿನಿಂದ ಬೀಟಾ, ಹೊರಗಿನಿಂದ ಆಲ್ಫಾ-2-ಡೆಲ್ಟಾ ಎಂಬ ಇನ್ನೆರಡು ಉಪಘಟಕಗಳು ಅದಕ್ಕೆ ಹೆಗಲು ಕೊಡುತ್ತವೆ. ಸಕ್ಕರೆ ಕಾಯಿಲೆಯವರ ಪಾದ ಉರಿಗೆ ವೈದ್ಯರು ಬರೆಯುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮಾತ್ರೆಗಳು ಹೋಗಿ ಕೂರುವುದು ಈ ಆಲ್ಫಾ-2-ಡೆಲ್ಟಾದ ಮೇಲೆ.

ಆಮ್ಲೊಡಿಪಿನ್ನಿನ ಮಾತು ಬಂದಾಗ ಒಂದು ಕ್ಷಣ ನಿಲ್ಲಬೇಕು, ಏಕೆಂದರೆ ಈ ಲೇಖನ ಓದುತ್ತಿರುವ ಎಷ್ಟೋ ಮನೆಗಳ ಔಷಧಿ ಡಬ್ಬಿಯಲ್ಲಿ ಅದು ಇದ್ದೇ ಇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ.ಗೆ ಕೊಡುವ ಮುಖ್ಯ ಮಾತ್ರೆಗಳಲ್ಲಿ ಅದೊಂದು. ಬೆಳಗಿನ ಕಾಫಿ ಕುಡಿದು ಅಪ್ಪನೋ ಅತ್ತೆಯೋ ನುಂಗುವ 5 ಮಿಲಿಗ್ರಾಂ ಮಾತ್ರೆ ಹೋಗಿ ಹಿಡಿಯುವುದು ಈ ಜೀನು ಕಟ್ಟಿದ ನಾಳವನ್ನೇ. ರಕ್ತನಾಳಗಳ ಗೋಡೆಯ ಸ್ನಾಯುವಿಗೆ ಕ್ಯಾಲ್ಸಿಯಂ ಹೋಗುವುದು ಕಡಿಮೆಯಾಗುತ್ತದೆ, ಸ್ನಾಯು ಸಡಿಲಾಗುತ್ತದೆ, ರಕ್ತನಾಳ ಅಗಲವಾಗುತ್ತದೆ, ಒತ್ತಡ ಇಳಿಯುತ್ತದೆ. ಕೆಲವರಿಗೆ ಕಾಲು ಊದಿಕೊಳ್ಳುವುದು ಇದೇ ಸಡಿಲಿಕೆಯ ಇನ್ನೊಂದು ಮುಖ. ಹೃದಯದಲ್ಲೂ ಅದೇ ಜೀನಿನ ನಾಳವಿದ್ದರೂ ಈ ಮಾತ್ರೆಯಿಂದ ಹೃದಯ ಸೋಲದಿರುವುದಕ್ಕೆ ಕಾರಣವಿದೆ. ರಕ್ತನಾಳದ ಸ್ನಾಯುವಿನ ಪೊರೆ ಇರುವ ವಿದ್ಯುತ್ ಸ್ಥಿತಿಯಲ್ಲಿ ಮಾತ್ರೆ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಜೊತೆಗೆ, ಒಂದೇ ಜೀನನ್ನು ಬೇರೆ ಬೇರೆ ಅಂಗಗಳು ಕೊಂಚ ಬೇರೆ ಬೇರೆಯಾಗಿ ಓದಿಕೊಳ್ಳುತ್ತವೆ.

ಈ ಬೇರೆಯಾಗಿ ಓದಿಕೊಳ್ಳುವ ಗುಣದಲ್ಲೇ ಟಿಮೊಥಿ ಮಕ್ಕಳ ಸಂಕಟವೂ ಇದೆ, ಅವರ ಬಗ್ಗೆ ಇಂದು ಹುಟ್ಟಿರುವ ಆಸೆಯೂ ಇದೆ.

ಜೀನು ಉದ್ದಕ್ಕೂ ಒಂದೇ ವಾಕ್ಯವಾಗಿ ಬರೆದಿರುವುದಿಲ್ಲ. ಪ್ರೋಟೀನಿಗೆ ಬೇಕಾದ ಭಾಗಗಳು ತುಂಡುತುಂಡಾಗಿರುತ್ತವೆ. ಅವಕ್ಕೆ ಎಕ್ಸಾನ್ ಎನ್ನುತ್ತಾರೆ. ಸಿಎಸಿಎನ್‌ಎ1ಸಿಯಲ್ಲಿ ಐವತ್ತಕ್ಕೂ ಹೆಚ್ಚು ಎಕ್ಸಾನ್‌ಗಳಿವೆ. ಕೋಶ ಜೀನಿನ ನಕಲು ತೆಗೆದು, ನಡುವಿನ ಬೇಡದ ಭಾಗಗಳನ್ನು ಕತ್ತರಿಸಿ, ಎಕ್ಸಾನ್‌ಗಳನ್ನು ಜೋಡಿಸಿಕೊಳ್ಳುತ್ತದೆ. ಎಂಟನೆಯ ಜಾಗದಲ್ಲಿ ಒಂದು ವಿಶೇಷವಿದೆ. ಅಲ್ಲಿ ಎರಡು ಎಕ್ಸಾನ್‌ಗಳು ಕಾದಿವೆ: 8 ಮತ್ತು 8ಎ. ಒಂದು ನಕಲಿನಲ್ಲಿ ಎರಡರಲ್ಲಿ ಒಂದಕ್ಕೆ ಮಾತ್ರ ಜಾಗ. ಬೆಳೆದವರ ಹೃದಯ ಮತ್ತು ಮಿದುಳಿನಲ್ಲಿ ಹೆಚ್ಚಿನ ಪಾಲು 8ರದು. 8ಎ ಬರುವುದು ಸುಮಾರು ಐದರಲ್ಲೊಂದು ಪಾಲು. ಗರ್ಭದಲ್ಲಿ ಬೆಳೆಯುತ್ತಿರುವ ಮಿದುಳು ಮಾತ್ರ 8ಎಯನ್ನು ಹೆಚ್ಚಾಗಿ ಬಳಸುತ್ತದೆ, ಬೆಳೆದಂತೆ 8ಕ್ಕೆ ಹೊರಳುತ್ತದೆ.

2004ರಲ್ಲಿ ಕಂಡ ಬದಲಾವಣೆ ಇದ್ದದ್ದು 8ಎಯಲ್ಲಿ. ಅಷ್ಟು ಕಡಿಮೆ ಪಾಲಿನ ನಾಳ ಕೆಟ್ಟರೂ ಸಾಕಾಯಿತು. ಹೃದಯದ ಕೋಶಕ್ಕೆ ಬಡಿತದಿಂದ ಬಡಿತಕ್ಕೆ ಕ್ಯಾಲ್ಸಿಯಂ ಒಳಬರುವ ಹೊತ್ತು ಲಂಬಿಸಿತು. ಇ.ಸಿ.ಜಿ.ಯಲ್ಲಿ ಇದು ಕ್ಯೂಟಿ ಎಂಬ ಅಂತರ ಉದ್ದವಾಗಿ ಕಾಣುತ್ತದೆ. ಸಾಮಾನ್ಯವಾಗಿ 450 ಮಿಲಿಸೆಕೆಂಡಿನ ಆಸುಪಾಸಿನೊಳಗೆ ಇರಬೇಕಾದದ್ದು ಈ ಮಕ್ಕಳಲ್ಲಿ 480 ದಾಟುತ್ತದೆ, ಎಷ್ಟೋ ಸಲ ಅದಕ್ಕೂ ಬಹಳ ಮುಂದೆ ಹೋಗುತ್ತದೆ. ಕೋಶ ಒಂದು ಬಡಿತದಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಂದರೆ ಲಯ ಮುರಿದು ಬೀಳುತ್ತದೆ. ಮೊದಲ ವರದಿಯ ಮಕ್ಕಳಲ್ಲಿ ತೀರಿಕೊಂಡವರ ಸರಾಸರಿ ವಯಸ್ಸು ಎರಡೂವರೆ ವರ್ಷ. ಅವರು ಲೋಕ ನೋಡಿದ್ದು ಅಷ್ಟೇ. ಅವರ ಹೆತ್ತವರು ರಕ್ತದ ಮಾದರಿ ಕೊಡಲು ಒಪ್ಪಿದ್ದರಿಂದ ಈ ಜೀನು ಏನೇನು ಮಾಡುತ್ತದೆ ಎಂದು ಲೋಕಕ್ಕೆ ಗೊತ್ತಾಯಿತು. ಹೃದಯದ್ದು ಎಂದುಕೊಂಡಿದ್ದ ಜೀನು ಗರ್ಭದಲ್ಲಿ ಬೆರಳುಗಳ ನಡುವಿನ ಚರ್ಮ ಬಿಡಿಸುವಲ್ಲಿ, ಮುಖ ಮತ್ತು ದವಡೆ ರೂಪುಗೊಳ್ಳುವಲ್ಲಿ, ಮಿದುಳಿನ ನರಕೋಶ ತನ್ನ ಜಾಗ ಸೇರುವಲ್ಲಿ ಪಾಲು ಹೊಂದಿದೆ ಎಂಬುದು ಇವರಿಲ್ಲದೆ ತಿಳಿಯುತ್ತಿರಲಿಲ್ಲ.

ಇಂದು ಇಂಥ ಮಗುವಿಗೆ ಬೀಟಾ ಬ್ಲಾಕರ್ ಮಾತ್ರೆ, ಬೇಕಾದಾಗ ಪೇಸ್‌ಮೇಕರ್, ಎದೆಯೊಳಗೆ ಕೂತು ಲಯ ತಪ್ಪಿದಾಗ ಷಾಕ್ ಕೊಟ್ಟು ಸರಿಪಡಿಸುವ ಪುಟ್ಟ ಯಂತ್ರ, ಇವು ಇವೆ. ಕ್ಯೂಟಿ ಉದ್ದ ಮಾಡುವ ಔಷಧಿಗಳನ್ನು, ಕೆಲವು ಸಾಮಾನ್ಯ ಆಂಟಿಬಯಾಟಿಕ್‌ಗಳೂ ಸೇರಿದಂತೆ, ದೂರ ಇಡಬೇಕು. ಸಕ್ಕರೆ ಕುಸಿಯದಂತೆ ನೋಡಿಕೊಳ್ಳಬೇಕು. ಕೈಬೆರಳು ಕೂಡಿದ ಮಗುವನ್ನು ಅರಿವಳಿಕೆಗೆ ಕರೆದೊಯ್ಯುವ ಮೊದಲು ಒಂದು ಇ.ಸಿ.ಜಿ. ತೆಗೆಯುವುದು ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಕೆಲಸ. ನಮ್ಮಲ್ಲಿ ಅದು ರೂಢಿಯಾಗಬೇಕು ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಸಾವಿರಾರು ಮಕ್ಕಳಲ್ಲಿ ಏನೂ ಸಿಗದೆ ಹೋಗಬಹುದು. ಸಿಗುವ ಒಂದು ಮಗುವಿಗೆ ಅದು ಪ್ರಾಣ.

2008ರಲ್ಲಿ ಇದೇ ಜೀನು ಯಾರೂ ನಿರೀಕ್ಷಿಸದ ಕಡೆಯಿಂದ ಮತ್ತೆ ಎದುರಾಯಿತು. ಬೈಪೋಲಾರ್ ಕಾಯಿಲೆ ಇರುವ 4,387 ಜನರ ಮತ್ತು ಇಲ್ಲದ 6,209 ಜನರ ಜೀನೋಮ್‌ಗಳನ್ನು ಹೋಲಿಸಿದ ಅಧ್ಯಯನದಲ್ಲಿ, ಎದ್ದು ಕಂಡ ಜಾಗಗಳಲ್ಲಿ ಒಂದು ಸಿಎಸಿಎನ್‌ಎ1ಸಿಯ ಒಳಗಿತ್ತು. 2013ರಲ್ಲಿ ಇನ್ನೂ ದೊಡ್ಡ ಅಧ್ಯಯನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 33,332 ರೋಗಿಗಳು, 27,888 ಆರೋಗ್ಯವಂತರು, ಎಲ್ಲರೂ ಯುರೋಪ್ ಮೂಲದವರು. ಸ್ಕಿಜೋಫ್ರೇನಿಯಾ, ಬೈಪೋಲಾರ್, ಖಿನ್ನತೆ, ಆಟಿಸಂ, ಎಡಿಎಚ್‌ಡಿ ಈ ಐದನ್ನೂ ಒಟ್ಟಿಗೆ ನೋಡಿದಾಗ ಎದ್ದು ಕಂಡ ಕೆಲವೇ ಜಾಗಗಳಲ್ಲಿ ಎರಡು ಕ್ಯಾಲ್ಸಿಯಂ ನಾಳದ ಉಪಘಟಕಗಳ ಜೀನುಗಳಲ್ಲಿದ್ದವು. ಒಂದು ಇದೇ, ಇನ್ನೊಂದು ಬೀಟಾ ಉಪಘಟಕದ್ದು.

ಇಲ್ಲಿ ಬಹಳ ಎಚ್ಚರ ಬೇಕು. ನಮ್ಮ ಕಡೆ ಹೆಣ್ಣುಗಂಡು ನೋಡುವಾಗ ಮನೆತನದಲ್ಲಿ ಯಾರಿಗಾದರೂ ತಲೆ ಕೆಟ್ಟಿತ್ತಾ ಎಂದು ಪಿಸುದನಿಯಲ್ಲಿ ವಿಚಾರಿಸುವ ಪದ್ಧತಿ ಇನ್ನೂ ಹೋಗಿಲ್ಲ. ಎಂಜಲು ಕಳಿಸಿದರೆ ಜೀನು ಓದಿ ಹೇಳುತ್ತೇವೆ ಎನ್ನುವ ಕಂಪನಿಗಳೂ ಬಂದಿವೆ. ಇವೆರಡು ಕೂಡಿದರೆ ಆಗುವ ಅನ್ಯಾಯ ದೊಡ್ಡದು. ಟಿಮೊಥಿ ಮಕ್ಕಳಲ್ಲಿ ಬದಲಾದ ಅಕ್ಷರ ಪ್ರೋಟೀನನ್ನೇ ಕೆಡಿಸುತ್ತದೆ. ಮಾನಸಿಕ ಕಾಯಿಲೆಗಳ ಅಧ್ಯಯನದಲ್ಲಿ ಕಂಡದ್ದು ಹಾಗಲ್ಲ. ಪ್ರೋಟೀನಿನ ಭಾಗವೇ ಅಲ್ಲದ ಜಾಗದಲ್ಲಿ, ಕೋಟ್ಯಂತರ ಆರೋಗ್ಯವಂತರಲ್ಲೂ ಇರುವ ಸಾಮಾನ್ಯ ವ್ಯತ್ಯಾಸ ಅದು. ಸಾವಿರಕ್ಕೆ ಹತ್ತು ಜನರಿಗೆ ಬರುವ ಕಾಯಿಲೆ ಎಂದಿಟ್ಟುಕೊಂಡರೆ, ಆ ವ್ಯತ್ಯಾಸದ ಒಂದು ಪ್ರತಿ ಇರುವವರಲ್ಲಿ ಅದು ಹನ್ನೆರಡು ಜನರನ್ನೂ ಮುಟ್ಟುವುದಿಲ್ಲ. ಇದನ್ನಿಟ್ಟುಕೊಂಡು ಯಾರ ಭವಿಷ್ಯವನ್ನೂ ಹೇಳಲಾಗದು, ಯಾರ ಮದುವೆಯನ್ನೂ ಮುರಿಯಬಾರದು. ವಿಜ್ಞಾನಿಗಳಿಗೆ ಇದರ ಬೆಲೆ ಬೇರೆ ಕಡೆ ಇದೆ: ಹೆಸರು ಬೇರೆಯಾದ ಐದು ಕಾಯಿಲೆಗಳ ಅಡಿಯಲ್ಲಿ ಎಲ್ಲೋ ಒಂದೇ ಬೇರು ಹಾದುಹೋಗಿದೆ, ಅದರಲ್ಲಿ ಕ್ಯಾಲ್ಸಿಯಂ ಇದೆ ಎಂಬ ಸುಳಿವು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಸಂಸ್ಥೆಗಳು ಕೂಡಿ, ಮಾನಸಿಕ ಕಾಯಿಲೆ ಒಂದಕ್ಕಿಂತ ಹೆಚ್ಚು ಮಂದಿಗೆ ಇರುವ ಮನೆಗಳವರ ರಕ್ತಕೋಶಗಳಿಂದ ಕಾಂಡಕೋಶ ಬೆಳೆಸಿ ಅಧ್ಯಯನ ನಡೆಸುತ್ತಿವೆ. ನಮ್ಮ ಜನರ ಜೀನುಗಳನ್ನು ಯುರೋಪಿನವರ ಅಂಕಿಸಂಖ್ಯೆಯಿಂದ ಅಳೆಯದೆ ಇಲ್ಲೇ ನೋಡುವ ಇಂಥ ಕೆಲಸ ಆಗಲೇಬೇಕಿತ್ತು.

ಕಾಂಡಕೋಶದ ದಾರಿಯಲ್ಲಿ ಟಿಮೊಥಿ ಸಿಂಡ್ರೋಮಿನ ಮಟ್ಟಿಗೆ ಅತಿ ದೂರ ನಡೆದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸೆರ್ಜಿಯು ಪಾಷ್ಕಾ. ರೊಮೇನಿಯಾದಲ್ಲಿ ವೈದ್ಯಕೀಯ ಓದಿ ಬಂದ ಇವರನ್ನು ಕಾಡಿದ ತೊಡಕು ಒಂದೇ: ಹೃದ್ರೋಗ ತಜ್ಞ ಹೃದಯದ ಚೂರು ತೆಗೆದು ನೋಡಬಹುದು, ಬದುಕಿರುವ ಮಗುವಿನ ಮಿದುಳನ್ನು ಹಾಗೆ ನೋಡಲಾಗದು. ಟಿಮೊಥಿ ಮಕ್ಕಳ ಚರ್ಮದ ಕೋಶಗಳನ್ನು ಹಿಂದಕ್ಕೆ ಹೊರಳಿಸಿ ಕಾಂಡಕೋಶ ಮಾಡಿ, ಅದರಿಂದ ನರಕೋಶ ಬೆಳೆಸಿದರು. 2011ರಲ್ಲಿ ಆ ನರಕೋಶಗಳಲ್ಲಿ ಕ್ಯಾಲ್ಸಿಯಂ ಅತಿಯಾಗಿ ನುಗ್ಗುವುದು ತಟ್ಟೆಯಲ್ಲೇ ಕಂಡಿತು. ಆಮೇಲೆ ಸಾಸಿವೆಗಿಂತ ಕೊಂಚ ದೊಡ್ಡ ಮಿದುಳಿನ ಅಂಗಾಂಶದ ಉಂಡೆಗಳನ್ನು ಬೆಳೆಸಿ, ಎರಡು ಬಗೆಯವನ್ನು ಒಂದಕ್ಕೊಂದು ಬೆಸೆದರು. ಭ್ರೂಣದ ಮಿದುಳಿನಲ್ಲಿ ಕೆಲವು ನರಕೋಶಗಳು ಹುಟ್ಟಿದ ಜಾಗದಿಂದ ತೊಗಟೆಯ ಕಡೆಗೆ ಸಾಗಿ ಹೋಗುತ್ತವೆ. ಟಿಮೊಥಿ ಕೋಶಗಳು ಆರೋಗ್ಯವಂತ ಕೋಶಗಳಿಗಿಂತ ಹೆಚ್ಚು ಸಲ ಜಿಗಿಯುತ್ತಿದ್ದವು, ಆದರೆ ಪ್ರತಿ ಜಿಗಿತವೂ ಗಿಡ್ಡ. ಹಾಗಾಗಿ ಹಿಂದೆ ಬಿದ್ದವು. ಇದು 2017ರಲ್ಲಿ ಪ್ರಕಟವಾಯಿತು. 2022ರಲ್ಲಿ ಅದೇ ಉಂಡೆಗಳನ್ನು ಹುಟ್ಟಿದ ಕೆಲವೇ ದಿನಗಳ ಇಲಿಮರಿಗಳ ಮಿದುಳಿನಲ್ಲಿ ನೆಟ್ಟರು. ಅಲ್ಲಿ ರಕ್ತ ಸಿಕ್ಕಿ ಮಾನವ ನರಕೋಶಗಳು ತಟ್ಟೆಯಲ್ಲಿ ಎಂದೂ ಬೆಳೆಯದಷ್ಟು ಬೆಳೆದವು. ಟಿಮೊಥಿ ಕೋಶಗಳ ಕವಲುಗಳು ಮಾತ್ರ ಬೇರೆ ರೂಪ ತಾಳಿದವು. ಇಲಿಯ ತಲೆಯೊಳಗೆ ಮನುಷ್ಯನ ನರಕೋಶ ಎಂದರೆ ಯಾರಿಗಾದರೂ ಮನಸ್ಸು ಅಳುಕುತ್ತದೆ. ಅಳುಕುವುದು ಸರಿಯೇ, ಎಷ್ಟರವರೆಗೆ ಹೋಗಬಹುದು ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಬಿಸಿಯಾಗಿಯೇ ಇದೆ. ಈ ಮಕ್ಕಳ ಮಟ್ಟಿಗೆ ನೋಡಿದಾಗ, ಆ ಹೆಜ್ಜೆ ಇಡದೆ ಮುಂದಿನದು ಸಾಧ್ಯವಿರಲಿಲ್ಲ ಎಂದೇ ನನ್ನ ಅನಿಸಿಕೆ.

ಮುಂದಿನದು ಬಂದದ್ದು 2024ರ ಏಪ್ರಿಲ್‌ನಲ್ಲಿ, ‘ನೇಚರ್’ ಪತ್ರಿಕೆಯಲ್ಲಿ. ಕೆಟ್ಟಿರುವುದು 8ಎ, ಪಕ್ಕದಲ್ಲೇ ಕೆಡದ 8 ಇದೆ. ಹಾಗಾದರೆ ಕೋಶವು 8ಎಯನ್ನು ಬಿಟ್ಟು 8ನ್ನು ಆರಿಸಿಕೊಳ್ಳುವಂತೆ ಮಾಡಿದರೆ? ಜೀನನ್ನು ಮುಟ್ಟಬೇಕಿಲ್ಲ, ಅದರ ನಕಲಿನ ಮೇಲೆ 8ಎ ಇರುವ ಜಾಗಕ್ಕೆ ಹೋಗಿ ಅಂಟಿಕೊಳ್ಳುವ ಪುಟ್ಟ ರಾಸಾಯನಿಕ ಎಳೆ ಸಾಕು. ಆಂಟಿಸೆನ್ಸ್ ಎಂದು ಕರೆಯುವ ಈ ಬಗೆಯ ಔಷಧಿ ಹೊಸದೇನಲ್ಲ. ಎಸ್‌ಎಂಎ ಎಂಬ ಸ್ನಾಯು ಕ್ಷಯಿಸುವ ಕಾಯಿಲೆಯ ಮಕ್ಕಳಿಗೆ ಬೆನ್ನುಹುರಿಯ ದ್ರವದಲ್ಲಿ ಕೊಡುವ ನುಸಿನೆರ್ಸೆನ್ 2016ರಿಂದಲೇ ಬಳಕೆಯಲ್ಲಿದೆ. ಅದೂ ಎಕ್ಸಾನ್ ಜೋಡಣೆಯನ್ನೇ ತಿದ್ದುತ್ತದೆ. ಪಾಷ್ಕಾ ತಂಡ ತಯಾರಿಸಿದ ಎಳೆಯನ್ನು ಉಂಡೆಗಳಿಗೆ ಹಾಕಿದಾಗ 8ಎ ಇಳಿದು 8 ಏರಿತು. ನಾಳ ಹೊತ್ತಿಗೆ ಸರಿಯಾಗಿ ಮುಚ್ಚತೊಡಗಿತು. ಹಿಂದೆ ಬಿದ್ದಿದ್ದ ಕೋಶಗಳ ನಡಿಗೆ ಸುಧಾರಿಸಿತು. ಇಲಿಗಳಿಗೆ ಒಂದು ಚುಚ್ಚುಮದ್ದಾಗಿ ಕೊಟ್ಟಾಗ, ಅಲ್ಲಿ ಬೆಳೆದಿದ್ದ ಮಾನವ ನರಕೋಶಗಳ ಕವಲುಗಳೂ ಸರಿ ರೂಪಕ್ಕೆ ಹತ್ತಿರ ಬಂದವು.

ಇದು ಇಲಿಯಲ್ಲಿ ಆದದ್ದು, ಮಗುವಿನಲ್ಲಲ್ಲ. ಮಗುವಿಗೆ ಕೊಡುವ ಮೊದಲು ಉತ್ತರ ಬೇಕಾದ ಪ್ರಶ್ನೆಗಳು ಹಲವು. ಮಿದುಳಿನ ದ್ರವಕ್ಕೆ ಕೊಟ್ಟ ಔಷಧಿ ಮಿದುಳಿನಲ್ಲೇ ಹೆಚ್ಚಾಗಿ ಉಳಿಯುತ್ತದೆ. ಆದರೆ ಮಗುವಿನ ಪ್ರಾಣ ತೆಗೆಯುವುದು ಹೃದಯ. ನರಕೋಶಗಳ ಪ್ರಯಾಣ ಬಹುತೇಕ ಗರ್ಭದಲ್ಲೇ ಮುಗಿದಿರುತ್ತದೆ. ಹುಟ್ಟಿದ ಮೇಲೆ ಕೊಟ್ಟರೆ ಎಷ್ಟು ಹಿಂದಿರುಗಿಸಬಹುದು? 8ಎಯನ್ನು ಎಷ್ಟು ಇಳಿಸಿದರೆ ಸಾಕು, ಎಷ್ಟಾದರೆ ಅತಿ? ಇಷ್ಟು ಕಡಿಮೆ ಮಕ್ಕಳಿಗಾಗಿ ತಯಾರಾಗುವ ಔಷಧಿಯ ಖರ್ಚು ಯಾರು ಹೊರಬೇಕು ಎಂಬುದು ಇನ್ನೊಂದು. ಎಸ್‌ಎಂಎ ಮಕ್ಕಳ ಹೆತ್ತವರು ಕೋಟಿಗಟ್ಟಲೆ ಹಣಕ್ಕಾಗಿ ಊರವರ ಮುಂದೆ ಕೈಚಾಚಿದ್ದನ್ನು ಕರ್ನಾಟಕವೂ ನೋಡಿದೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಅಡಿಯಲ್ಲಿ ಒಬ್ಬ ರೋಗಿಗೆ ಸಿಗುವ ನೆರವು ಈಗ ಹೆಚ್ಚೆಂದರೆ 50 ಲಕ್ಷ ರೂಪಾಯಿ.

ಮತ್ತೊಂದು ಗುಂಪಿನ ಮಕ್ಕಳೂ ಇದ್ದಾರೆ. ಮೊದಲ ವರದಿಯ ಮರುವರ್ಷವೇ, 2005ರಲ್ಲಿ, ಸ್ಪ್ಲಾವ್‌ಸ್ಕಿ ತಂಡ ಎರಡನೆಯ ಬಗೆಯ ಟಿಮೊಥಿ ಸಿಂಡ್ರೋಮನ್ನು ಗುರುತಿಸಿತು. ಅವರ ಬೆರಳುಗಳು ಕೂಡಿಕೊಂಡಿರುವುದಿಲ್ಲ, ಹೃದಯದ ತೊಂದರೆ ಇನ್ನೂ ತೀವ್ರ. ಅವರಲ್ಲಿ ಕೆಟ್ಟಿರುವುದು 8ಎ ಅಲ್ಲ, ಹೆಚ್ಚು ಬಳಕೆಯಾಗುವ 8. 8ಎಯಿಂದ 8ಕ್ಕೆ ಹೊರಳಿಸುವ ಸ್ಟ್ಯಾನ್‌ಫರ್ಡಿನ ಔಷಧಿ ಅವರಿಗೆ ಒಳಿತು ಮಾಡುವುದಿಲ್ಲ, ಕೆಡುಕನ್ನೇ ಹೆಚ್ಚಿಸುತ್ತದೆ. ಅವರಿಗಾಗಿ ಈ ಹುಡುಕಾಟವನ್ನು ಮೊದಲಿನಿಂದ ಮಾಡಬೇಕು.